ಪಿಕಪ್ಪಿನ ಮೆಟ್ಟಿಲು

ಭಾನುವಾರ, ಬೆಳಗ್ಗೆ ಹತ್ತು ಗಂಟೆ

ನನ್ನ ಪುಟ್ಟಿಗೆ,

ಅಪ್ಪನ ಆಶೀರ್ವಾದ. ಹೋದ ತಿಂಗಳು ನೀನು ಫೋನಿನಲ್ಲಿ "ಒಬ್ಬರೇ ಇರೋ ಮನೆಗೆ ಅಷ್ಟು ದೊಡ್ಡ ಪಿಕಪ್ ಯಾಕಪ್ಪಾ?" ಎಂದು ಕೇಳಿದೆ. ನಾನು ಹ್ಞೂಂ ಎಂದು ಇಟ್ಟುಬಿಟ್ಟೆ. ಹಳ್ಳಿ ಮನೆಗೆ ಬೇಕೇ ಬೇಕು ಕಣೇ ಎಂದು ಬರೆಯಲು ಮೂರು ಸಲ ಕೂತೆ, ಮೂರು ಸಲವೂ ಹಾಳೆ ಹರಿದೆ.

ಕಾಲೇಜಿನಲ್ಲಿ ಎಕನಾಮಿಕ್ಸ್ ಮೇಷ್ಟ್ರು ನೀಡ್ಸ್ ಬೇರೆ, ವಾಂಟ್ಸ್ ಬೇರೆ ಎಂದು ಬೋರ್ಡಿನ ನಡುವೆ ಗೆರೆ ಎಳೆದು ಬರೆಸುತ್ತಿದ್ದರು. ಡಿಮಿನಿಷಿಂಗ್ ಅಂತ ಶುರುವಾಗುವ ಒಂದು ಲಾ ಕೂಡ ಇತ್ತು; ಮುಂದಿನದು ಮರೆತಿದ್ದೇನೆ. ಇರಲಿ. ಆರು ವರ್ಷದಲ್ಲಿ ಆ ಗಾಡಿಯ ಹಿಂಭಾಗ ತುಂಬಿದ್ದು ಎಷ್ಟು ಸಲ ಎಂದು ನೆನಪು ಮಾಡಿಕೊಂಡೆ. ನೀರಿನ ಟ್ಯಾಂಕ್ ತಂದಾಗ ಒಮ್ಮೆ. ಪಕ್ಕದ ಮನೆಯವರ ಬೀರು ಸಾಗಿಸಿದಾಗ ಒಮ್ಮೆ. ಹಸು ಕಾಲು ಮುರಿದುಕೊಂಡಾಗ ಒಮ್ಮೆ. ಉಳಿದ ದಿನವೆಲ್ಲ ಅರ್ಧ ಮೂಟೆ ಹಿಂಡಿ, ಇಲ್ಲವೇ ಒಂದು ಕಟ್ಟು ಸೊಪ್ಪು. "ಬೆಂಕಿಪೊಟ್ಟಣ ತರೋಕೂ ಆನೆ ಮೇಲೆ ಹೋಗ್ತಾರೆ ನಮ್ಮನೆಯವ್ರು" ಎನ್ನುತ್ತಿದ್ದಳು ನಿನ್ನಮ್ಮ.

ಹಳೆಯ ಪುಟ್ಟ ಕಾರು ಕೊಟ್ಟು ಇದನ್ನು ತಂದ ದಿನ ಅವಳು ಬಾಗಿಲಲ್ಲೇ ನಿಂತು ನೋಡಿದಳು. ಸೀಟು ಅವಳ ಎದೆಯ ಮಟ್ಟಕ್ಕಿತ್ತು. ಎಡಮಂಡಿ ಮಡಿಸಲಾಗದವಳು ಹೇಗೆ ಹತ್ತಿಯಾಳು? "ಒಂದು ಮೆಟ್ಲು ಹಾಕಿಸ್ರೀ" ಎಂದಳು. ವೆಲ್ಡಿಂಗ್ ಅಂಗಡಿಯವನು ಯಾವಾಗ ಬೇಕಾದರೂ ತನ್ನಿ ಎಂದಿದ್ದ. ಆದರೆ ಹೊಸ ಗಾಡಿಯ ಪಕ್ಕಕ್ಕೆ ಕಬ್ಬಿಣದ ತುಂಡು ನೇತುಹಾಕಿದರೆ ಅದರ ಶೋ ಹೋಗುತ್ತದೆ ಎನಿಸಿತು. ನಾಳೆ, ನಾಳೆ ಎಂದೆ.

ಈಗ ಹೇಳಲೇಬೇಕಾದದ್ದು. ನಿನ್ನ ಮಗಳು ಹುಟ್ಟಿದಾಗ ಅಮ್ಮ ಬರಲಿಲ್ಲ ಎಂಬ ನೋವು ನಿನಗೆ ಇನ್ನೂ ಇದೆ. ಅವಳಿಗೆ ಜ್ವರ ಎಂದು ನಾನೇ ಹೇಳಿದ್ದೆ. ಜ್ವರ ಇರಲಿಲ್ಲ ಪುಟ್ಟಿ. ಹೊಸ ಬಟ್ಟೆ ಹಾಕಿಕೊಂಡು, ಚೀಲ ಹಿಡಿದು, ಏಳು ಗಂಟೆಗೇ ಅಂಗಳದಲ್ಲಿ ನಿಂತಿದ್ದಳು. ಹತ್ತಲು ಹೋಗಿ ಜಾರಿ ನೆಲದ ಮೇಲೆ ಕೂತುಬಿಟ್ಟಳು. ಎದುರು ಮನೆಯವರು ನಕ್ಕರು. ನಾನೂ ನಕ್ಕೆ. ಮಣ್ಣು ಕೊಡವಿಕೊಂಡು "ಬಸ್ಸಲ್ಲಿ ಹೋಗೋಣ ಬನ್ನಿ" ಎಂದಳು. "ಇಷ್ಟು ದೊಡ್ಡ ಗಾಡಿ ಮನೆ ಮುಂದಿಟ್ಕೊಂಡು ಬಸ್ಸಾ? ಜನ ಏನಂತಾರೆ?" ಎಂದೆ. ಅವಳು ಒಳಗೆ ಹೋಗಿ ಬಟ್ಟೆ ಬದಲಿಸಿದಳು. ಆಮೇಲೆ ಎಲ್ಲಿಗೂ ಹೊರಡಲೇ ಇಲ್ಲ. ಅವಳು ತೀರಿಹೋಗಿ ಹನ್ನೊಂದು ತಿಂಗಳಾಯಿತು. ಇದ್ದಷ್ಟು ದಿನ ನನ್ನ ಸುಳ್ಳನ್ನು ನಿನ್ನ ಮುಂದೆ ಬಿಟ್ಟುಕೊಡಲಿಲ್ಲ.

ಸಾರಿ ಎಂದು ಬರೆದು ಹೊಡೆದುಹಾಕಿದ್ದೇನೆ, ಕಾಣುತ್ತಿರಬೇಕು. ಅದು ಬಸ್ಸಿನಲ್ಲಿ ಕಾಲು ತುಳಿದವರು ಹೇಳುವ ಮಾತು.

ಗಾಡಿ ಮಾರಿದೆ. ನಿನ್ನ ಪ್ರಶ್ನೆಗೆ ಉತ್ತರ: ಅದು ನನಗೆ ಬೇಕಿತ್ತು, ಮನೆಗೆ ಬೇಕಿರಲಿಲ್ಲ.

ಮಗುವಿಗೆ ನನ್ನ ಮುತ್ತು. ಬಾ ಎಂದರೆ ಬಸ್ಸಿನಲ್ಲಿ ಬರುತ್ತೇನೆ.

ನಿನ್ನ
ಅಪ್ಪ

ತಾ.ಕ.: ಕೊಂಡವನು ಹಾಲಿನವನು. ದಿನಕ್ಕೆ ನಲವತ್ತು ಕ್ಯಾನು ಸಾಗಿಸುತ್ತಾನೆ, ಅವನಿಗೆ ಬೇಕು. ಬಾಗಿಲು ತೆಗೆದು ನೋಡಿದವನೇ "ಯಜಮಾನ್ರೇ, ಮೊದ್ಲು ಇದಕ್ಕೊಂದು ಮೆಟ್ಲು ಹಾಕಿಸ್ಬೇಕು, ನಮ್ಮಮ್ಮ ಹತ್ಬೇಕಲ್ಲ" ಎಂದ. ನಾನೇ ಹಾಕಿಸಿಕೊಡುತ್ತೇನೆ ಎಂದು ಅದೇ ವೆಲ್ಡಿಂಗ್ ಅಂಗಡಿಗೆ ಒಯ್ದು, ಮುಗಿಯುವವರೆಗೂ ಪಕ್ಕದಲ್ಲಿ ನಿಂತೆ. ಇಪ್ಪತ್ತು ನಿಮಿಷದ ಕೆಲಸ. ನೋಡುವುದಕ್ಕೂ ಏನೂ ಕೆಟ್ಟದಾಗಿಲ್ಲ.