ಬೀದಿಮೌನ

ಗುಳೇದಗುಡ್ಡ, ೨೨೧೯ನೆಯ ಇಸವಿ, ಫೆಬ್ರವರಿ ಮೂವತ್ತು.

ಸಾವಂತ್ರೆವ್ವಜ್ಜಿಗೆ ನಮಸ್ಕಾರ.

ಇನ್ನೂ ತಲೆಗೂದಲು ನೆರೆಯದ ನನ್ನನ್ನು ಅಜ್ಜಿ ಎನ್ನುವ ಇವಳಾರು ಎಂದು ಸಿಟ್ಟಾಗಬೇಡ. ಈ ತಾರೀಖು ನಿನ್ನ ಕ್ಯಾಲೆಂಡರಿನಲ್ಲಿಲ್ಲ. ನಾವು ತಿಂಗಳುಗಳನ್ನೆಲ್ಲ ಸಮ ಮಾಡಿಕೊಂಡಿದ್ದೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೋ. ನಾನು ನಿನ್ನ ವಂಶದವಳಲ್ಲ, ನಿನ್ನ ಗೋಡೆಯಾಚೆಯ ದಾಕ್ಷಾಯಣಿಯ ಕುಡಿ.

ನಮ್ಮ ಬೀದಿ ಈಗಲೂ ಕುಪ್ಪಸದ ಖಣ ನೇಯುತ್ತದೆ. ಮಗ್ಗಗಳು ಮಾತ್ರ ಬಿಸಿಲುಮಗ್ಗಗಳು, ಅಂದರೆ ಮಾಳಿಗೆಯ ಮೇಲೆ ಬಿದ್ದ ಬಿಸಿಲನ್ನೇ ಉಂಡು ನಡೆಯುವಂಥವು. ಮೋಡ ಬಂದರೆ ಓಣಿಗೆ ಓಣಿಯೇ ತೂಕಡಿಸುತ್ತದೆ, ಮೋಡ ಸರಿದರೆ ಮತ್ತೆ ಎಚ್ಚರಾಗುತ್ತದೆ. ಅಂಗಳದಲ್ಲಿ ಬಣ್ಣದ ನೂಲು ಒಣಗುತ್ತಿರುತ್ತದೆ, ಅದರ ಕೆಳಗೆ ಮಕ್ಕಳು ಕೆಂಪು ನೆರಳಲ್ಲಿ ನಿದ್ದೆ ಮಾಡುತ್ತಾರೆ. ಆದರೆ ಯಾವ ಮನೆಯಿಂದಲಾದರೂ ಹೆಣ್ಣಿನ ಚೀರು ಕೇಳಿತೋ, ಪಕ್ಕದ ಮನೆಯಾಕೆ ತನ್ನ ಮಗ್ಗ ನಿಲ್ಲಿಸುತ್ತಾಳೆ. ಅದನ್ನು ಕೇಳಿ ಆಚೆಯವಳು, ಅವಳಾಚೆಯವಳು. ಕೊನೆಗೆ ಪಾರಿವಾಳದ ರೆಕ್ಕೆ ಬಡಿತವಷ್ಟೇ ಉಳಿಯುತ್ತದೆ. ಇದಕ್ಕೆ ಬೀದಿಮೌನ ಎನ್ನುತ್ತೇವೆ. ಕಾನೂನಿನಲ್ಲಿ ಅದೇ ದೂರು, ಅದೇ ಸಾಕ್ಷಿ. ಏಟು ತಿಂದವಳು ಠಾಣೆಯ ಮೆಟ್ಟಿಲು ಹತ್ತಬೇಕಿಲ್ಲ, ಗಂಟು ಕಟ್ಟಿಕೊಂಡು ತವರಿಗೆ ಓಡಬೇಕಿಲ್ಲ. ಹೊಡೆದವನೇ ಅಂದು ಹೊಸ್ತಿಲು ದಾಟಿ ಊರಾಚೆಯ ಹೊರಮನೆಗೆ ಹೋಗಬೇಕು, ವಿಚಾರಣೆ ಮುಗಿಯುವ ತನಕ ತನ್ನ ರೊಟ್ಟಿ ತಾನೇ ಬಡಿದುಕೊಳ್ಳಬೇಕು. ಮೊದಮೊದಲು ಸುಟ್ಟ ರೊಟ್ಟಿಯೇ ಗತಿ, ಪಾಪ! ನಾನಂತೂ ಮರುಗುವುದಿಲ್ಲ.

ಇದೆಲ್ಲ ಕನಸಿನಂತಿದೆ ಎನ್ನುತ್ತೀಯೇನೋ. ನನಗೆ ನಿನ್ನ ಕಾಲವೇ ಕೆಟ್ಟ ಕನಸಿನಂತಿದೆ. ದಾಕ್ಷಾಯಣಿಯ ಗಂಡ ಕದ ಹಾಕಿಕೊಂಡು, ನೂಲೇ ಹೂಡದ ಬರಿ ಮಗ್ಗ ಓಡಿಸುತ್ತಾನೆ, ಅವಳ ಕೂಗು ಹೊರಗೆ ಬರದಿರಲೆಂದು. ಬರಿ ಮಗ್ಗದ ಸದ್ದೇ ಬೇರೆ. ನೇಕಾರರ ಮನೆಯ ಸೊಸೆ ನೀನು, ನಿನ್ನ ಕಿವಿಗೆ ಅದು ತಿಳಿಯುವುದಿಲ್ಲವೇ? ತಿಳಿದೇ ನೀನೂ ನಿನ್ನ ಮಗ್ಗ ಶುರು ಮಾಡುತ್ತೀ, ಕೇಳಿಸದಿರಲೆಂದು. ನಿನ್ನ ಮೇಲೆ ನನಗೆ ಸಿಟ್ಟಿದೆ ಅಜ್ಜಿ, ಮುಚ್ಚಿಡುವುದಿಲ್ಲ.

ನಾಳೆ, ಅಂದರೆ ನಿನ್ನ ಕಾಲದ ನಾಳೆ, ನೇಕಾರರ ಸಂಘದ ಕಟ್ಟಡಕ್ಕೆ ಕಾನೂನು ತಿದ್ದುವ ಸಮಿತಿ ಬರುತ್ತದೆ. ನೆರೆಮನೆಯವರ ಮಾತನ್ನೇ ದೂರೆಂದು ಹಿಡಿಯಬಹುದೇ, ಹೊಡೆದವನನ್ನೇ ಅಂದೇ ಹೊರಗೆ ಕಳಿಸಬೇಕೇ ಎಂದು ಊರವರನ್ನು ಕೇಳುತ್ತದೆ. ಹೋಗಬೇಕೆಂದು ನೀನು ಅಂದಾಗ ನಿನ್ನ ಅತ್ತೆ ತಡೆದಿದ್ದಾಳೆ.

“ಗಂಡ ಹೆಂಡಿರ ಜಗಳ ಉಂಡು ಮಲಗೂತನಕ. ಊರ ಉಸಾಬರಿ ನಿನಗ್ಯಾಕ ಬೇಕವಾ?”

ದಾಕ್ಷಾಯಣಿ ಎಷ್ಟೋ ದಿನ ಉಂಡೇ ಇರುವುದಿಲ್ಲ ಎಂದು ಅತ್ತೆಗೆ ಹೇಳು. ಅತ್ತೆ ಕೆಟ್ಟವಳಲ್ಲ, ಹೆದರಿದ್ದಾಳೆ. ತನ್ನ ಕಾಲದಲ್ಲಿ ಅವಳಿಗಾಗಿ ಯಾರೂ ಬಾಯಿ ಬಿಡಲಿಲ್ಲ.

ಸಮಿತಿಯ ಮುಂದೆ ದೊಡ್ಡ ಮಾತು ಬೇಡ. ಗೋಡೆಯಾಚೆ ಏನು ಕೇಳುತ್ತದೆ, ಅದನ್ನಷ್ಟೇ ಹೇಳು. ಒಬ್ಬಳು ಹೇಳಿದರೆ ಇನ್ನೊಬ್ಬಳು ಎದ್ದು ನಿಲ್ಲುತ್ತಾಳೆ. ಕಾನೂನು ಬರುವುದು ತಡವಾಗುತ್ತದೆ, ಅಲ್ಲಿಯವರೆಗೆ ದಾಕ್ಷಾಯಣಿಯ ಗಂಡ ಕದ ಹಾಕಿದಾಗ ನೀನೇ ಹೋಗಿ ಆ ಕದ ಬಡಿ.

ಒಂದು ಸಂಗತಿ ನಿನಗೆ ಗೊತ್ತಿಲ್ಲ. ದಾಕ್ಷಾಯಣಿ ಬಸುರಿ. ಅಂಜಿಕೆಗೆ ಯಾರಿಗೂ ಹೇಳಿಲ್ಲ, ತವರಿಗೂ. ನಾವೆಲ್ಲ ಆ ಕೂಸಿನಿಂದ ಬರಬೇಕಾದವರು.

ನಾವು ಬರಬೇಕು ಅಜ್ಜಿ. ನಾಳೆ ಹೋಗು.