ಹಾಲು ಒಡೆದ ಪುಟ

ನನ್ನ ಗುರುಗಳಾದ ಕೃಷ್ಣಪ್ಪ ಸಾರ್ ಅವರಿಗೆ,

ನಾನು ನಸೀಮಾ, ಲ್ಯಾಬಿನಲ್ಲಿ ನಿಮ್ಮ ಪಕ್ಕದ ಮೇಜಿನವಳು. ನೀವು ಹೋದ ಮೇಲೆ ನನ್ನ ಕೈ ಕಂಡರೆ ನನಗೇ ಹೇಸಿಗೆಯಾಗುತ್ತಿತ್ತು. ಯಾಕೆಂದು ನಿಮಗಲ್ಲದೆ ಇನ್ನಾರಿಗೆ ಹೇಳಲಿ?

ಪಿಲ್ಲಗುಂಪೆಯ ಈ ಲ್ಯಾಬಿಗೆ ಕೆಲಸಕ್ಕೆ ಬಂದ ಮೊದಲ ವಾರ ನಿಮ್ಮ ನೋಟ್‌ಬುಕ್ ತೆರೆದಿದ್ದೆ. ಪುಟವೆಲ್ಲ ಇಂಗ್ಲಿಷು, ಕೊನೆಗೆ ಮಾತ್ರ ಕನ್ನಡದಲ್ಲಿ 'ಹಾಲು ಒಡೀತು'. ಸಮುದ್ರದಲ್ಲಿ ಬೆಳೆಯುವ ಸ್ಪಂಜೆಂಬ ಜೀವಿಯಲ್ಲಿರುವ ವಸ್ತುವನ್ನು ನಾವು ಗಾಜಿನ ಬುಡ್ಡಿಯಲ್ಲಿ ತಯಾರಿಸುತ್ತಿದ್ದೆವು, ಅದರಲ್ಲಿ ಹಾಲೆಲ್ಲಿಂದ ಬಂತು? ನೀವು ನಕ್ಕಿರಿ. "ನಮ್ದು ಸೂಲಿಬೆಲೆ ಕಣಮ್ಮಾ, ಮನೆ ತುಂಬಾ ಹಸು. ಒಡೆದಿದ್ದನ್ನ ಒಡೀತು ಅಂತ ಮೊದ್ಲೇ ಹೇಳ್ಬೇಕು. ಮುಚ್ಚಿಟ್ಟು ಡೈರಿಗೆ ಹಾಕಿದ್ರೆ ಊರೋರ ಹಾಲೆಲ್ಲಾ ಕೆಡುತ್ತೆ." ಅಂದಿನಿಂದ ಕೈಕೊಟ್ಟ ಪ್ರಯೋಗಕ್ಕೆ ನಮ್ಮಿಬ್ಬರಲ್ಲೂ ಅದೇ ಹೆಸರು.

ಕೊನೆಯ ದಿನ ನಮ್ಮ ವಸ್ತುವಿನ ಗ್ರಾಫನ್ನೂ ಸ್ಪಂಜಿನಿಂದಲೇ ತೆಗೆದ ಅಸಲಿಯ ಗ್ರಾಫನ್ನೂ ಒಂದರ ಮೇಲೊಂದಿಟ್ಟು ಕಿಟಕಿಗೆ ಹಿಡಿದಿರಿ. ತಾಳೆಯಾಗಲಿಲ್ಲ. "ಇದರ ಅಣುವಿನಲ್ಲಿ ಕ್ಲೋರಿನ್ನು ಮೇಲ್ಮುಖ ಅಂತ ಎಲ್ರೂ ಬರೆದವ್ರೆ. ನಂಗ್ಯಾಕೋ ಕೆಳಮುಖ ಅನ್ಸುತ್ತೆ. ಸೋಮವಾರ ತಿರುಗಿಸಿ ಮಾಡಿ ನೋಡಾಣ." ಪುಟದ ಕೊನೆಗೆ ಹಾಲು ಒಡೀತು ಎಂದು ಬರೆದು ಹೊಸಕೋಟೆ ಬಸ್ಸು ಹತ್ತಿದಿರಿ. ಸೋಮವಾರ ನೀವು...

ಮ್ಯಾನೇಜರ್ ನಿಮ್ಮ ಫೋಟೊಗೆ ಹಾರ ಹಾಕಿ ಕಣ್ಣೊರೆಸಿಕೊಂಡರು. ಮರುದಿನ ಅದೇ ಫೋಟೊದ ಕೆಳಗೆ ಕೂತು ಆ ಪ್ರಯೋಗಕ್ಕೆ ಹೊಸ ಪುಟ ಬರೆದರು. ಗ್ರಾಫ್ ತಾಳೆಯಾಯಿತಂತೆ. "ಸಾಕ್ಷಿ ಸೈನ್ ಹಾಕಮ್ಮಾ. ಸಾರ್ ಇದ್ದಿದ್ರೂ ಇದನ್ನೇ ಮಾಡ್ತಿದ್ರು." ಥೂ. ಸತ್ತವರ ಬಾಯಿಗೆ ತಮ್ಮ ಎಂಜಲು ತುರುಕುವ ಜನ. ಅದಕ್ಕಿಂತ ಅಸಹ್ಯ ಯಾವುದು ಗೊತ್ತೇ? ನಾನು ಹಾಕಿದೆ. 'ಓದಿ ತಿಳಿದಿದ್ದೇನೆ' ಎಂಬ ಸಾಲಿನ ಕೆಳಗೆ, ದುಂಡಗೆ. ಮನೆಗೆ ಬಂದು ಎಷ್ಟು ಸೋಪು ಹಚ್ಚಿದರೂ ಆ ಕೈಯಲ್ಲಿ ಅನ್ನ ಕಲೆಸಲಾಗಲಿಲ್ಲ. ಕೈ ಮೇಲೆ ಏನಾದರೂ ಬಿತ್ತೇ ಎಂದು ಅಮ್ಮಿ ಕೇಳಿದರು.

ತಪ್ಪನ್ನು ಅಳಿಸಬಾರದು, ಓದಲು ಸಿಗುವಂತೆ ಒಂದೇ ಗೆರೆ ಎಳೆಯಬೇಕು ಎಂದು ಕಲಿಸಿದವರು ನೀವು. ಬೆಳಿಗ್ಗೆ ಹೋಗಿ ನನ್ನ ಸಹಿಯ ಮೇಲೆ ಗೆರೆ ಎಳೆದೆ. ಪಕ್ಕದಲ್ಲಿ ಬರೆದೆ.

"ಇದೇನಮ್ಮಾ, ಹಾಲು?" ಎಂದರು ಮ್ಯಾನೇಜರ್.

"ಒಡೀತು ಸಾರ್. ಡೈರಿಗೆ ಹೋಗೋಕೆ ಮುಂಚೆ ಹೇಳ್ತಿದೀನಿ."

ಸಾಕ್ಷಿಯಿಲ್ಲದ ಪುಟ ಹೊರಗೆ ಹೋಗುವಂತಿರಲಿಲ್ಲ. ನಾಲ್ಕು ತಿಂಗಳು ಅವರು ನನ್ನ ಮುಖ ನೋಡಲಿಲ್ಲ. ನಾನು ಕ್ಲೋರಿನ್ನನ್ನು ಕೆಳಮುಖ ತಿರುಗಿಸಿ ಮೊದಲಿನಿಂದ ಮಾಡಿದೆ.

ಇವತ್ತು ಎರಡೂ ಗ್ರಾಫ್ ಕಿಟಕಿಗೆ ಹಿಡಿದೆ ಸಾರ್. ಒಂದೇ ಗೆರೆ ಕಂಡಿತು. ಮ್ಯಾನೇಜರ್ ಈಗ ಲಡ್ಡು ಹಂಚುತ್ತಾ, ತಮಗೆ ಮೊದಲೇ ಅನುಮಾನವಿತ್ತು ಎನ್ನುತ್ತಿದ್ದಾರೆ. ನಾನು ಮುಟ್ಟಲಿಲ್ಲ.

ಒಡೆದರೆ ಏನು ಬರೆಯಬೇಕೆಂದು ಕಲಿಸಿದಿರಿ, ಗೆದ್ದರೆ ಏನೆಂದು ಹೇಳದೆ ಹೋದಿರಿ. ಪುಟದ ಮೇಲೆ 'ಆಲೋಚನೆ: ಕೃಷ್ಣಪ್ಪ' ಎಂದು ಬರೆದಿದ್ದೇನೆ. ಕೊನೆಗೆ, ಕನ್ನಡದಲ್ಲಿ, 'ಹಾಲು ಉಕ್ಕಿತು'.

ನಿಮ್ಮ,
ನಸೀಮಾ