ದೊಡ್ಡಬಾಗಿಲಲ್ಲಿ ನಿಂತ ಮೋಟಾರು

ಹೊರ್ತಿ, ತಾಲೂಕು ಇಂಡಿ
ಸೋಮವಾರ, ತಾ. ೨೦-೧೧-೧೯೬೧

ಪ್ರೀತಿಯ ಮನಿಯವರಿಗೆ,

ನಿಮ್ಮ ಮುಮ್ತಾಜ ಮಾಡುವ ಸಲಾಮು. ಸೊಲ್ಲಾಪುರದ ಹವಾ ಮೈಗೆ ಹಿಡಿಸಿತೆ? ಖಾನಾವಳಿ ಊಟದಿಂದ ಎದ್ದ ಎದೆಯುರಿ ಇಳಿಯಿತೆ? ಇಲ್ಲಿ ನಾನು, ಅತ್ತೆಯವರು, ಎಮ್ಮೆ, ಮೂವರೂ ಕ್ಷೇಮ. ನಾಲ್ಕನೆಯವರಾದ ಮೋಟಾರು ಸಾಹೇಬರು ನೀವು ಬಿಟ್ಟು ಹೋದ ಜಾಗದಲ್ಲೇ ಇದ್ದಾರೆ. ಮೂಗು ಅಂಗಳದಲ್ಲಿ, ಬಾಲ ಓಣಿಯಲ್ಲಿ, ನಮ್ಮ ದೊಡ್ಡಬಾಗಿಲಿಗೆ ಬಿರಡೆ ಜಡಿದ ಹಾಗೆ. ನೀವು ಹೊಸ ರೇಡಿಯೇಟರು ತರುತ್ತೇನೆಂದು ಹೋಗಿ ಎರಡು ತಿಂಗಳಾಯಿತು. ಅಂದಿನಿಂದ ಬರುವವರೂ ಹೋಗುವವರೂ ಗೋಡೆಗೆ ಬೆನ್ನು ತಿಕ್ಕುತ್ತ ಅಡ್ಡಡ್ಡ ನಡೆಯುತ್ತಿದ್ದೇವೆ. ಓಣಿಯ ಸೈದಾಬಿ ಮೈಯಲ್ಲಿ ತುಂಬಿದ ಹೆಂಗಸು, ಆ ಸಂದಿಯಲ್ಲಿ ಹಿಡಿಯುವುದಿಲ್ಲ. ಹೊರಗೇ ನಿಂತು ಕೂಗಿ ಮಾತಾಡುತ್ತಾಳೆ. ಹೀಗಾಗಿ ನಿಮ್ಮ ಎದೆಯುರಿಯ ಸಮಾಚಾರ ಊರಿಗೆಲ್ಲ ಗೊತ್ತು. ಎಮ್ಮೆಗಾದರೂ ಹಿತ್ತಲಿನ ದಾರಿ ಇದೆ. ಸೊಸೆಗೆ ಅದೂ ಇಲ್ಲ.

ಮುದ್ದೇಬಿಹಾಳದಿಂದ ನನ್ನ ತಂಗಿ ಅಬಿದಾಳ ಕಾಗದ ಬಂದಿದೆ. ಅಮ್ಮನ ಕಣ್ಣಿನ ಪೊರೆ ತೆಗೆದಿದ್ದಾರೆ. ಬರುವ ಗುರುವಾರ ಪಟ್ಟಿ ಬಿಚ್ಚುತ್ತಾರಂತೆ. "ಮೊದಲ ಮುಮ್ತಾಜನ ಮಾರಿ ನೋಡ್ತೇನಿ, ಆಮ್ಯಾಲ ಉಳಿದ ದುನಿಯಾ" ಎಂದು ಅಮ್ಮ ಹಟ ಹಿಡಿದು ಮಲಗಿದ್ದಾಳೆ. ಮೂರು ವರ್ಷದಿಂದ ಅವಳು ನನ್ನನ್ನು ಬಳೆ ಸಪ್ಪಳದಿಂದ ಗುರುತು ಹಿಡಿಯುತ್ತಿದ್ದಳು. ಮೋಟಾರು ಬರುವ ಮೊದಲು ನಾನು ಬಸ್ಸು ಹತ್ತಿ, ವಿಜಾಪುರ, ಬಾಗೇವಾಡಿ ಅಂತ ಇಳಿದು ಹತ್ತಿ, ಸಂಜೆಗೆ ತವರಿನಲ್ಲಿರುತ್ತಿದ್ದೆ. ಈಗ ಅತ್ತೆಯವರ ಕಾಯಿದೆ ಬೇರೆ: "ಮನ್ಯಾಗ ಮೋಟಾರ ಇಟಗೊಂಡು ಸೊಸಿ ಬಸ್ಸಿನ್ಯಾಗ ಹೋದ್ಲು ಅಂದ್ರ ಮಂದಿ ನಗ್ತಾರ." ಸದರಿ ಮೋಟಾರಿನ ಅರ್ಧ ಭಾಗ ಮಾತ್ರ ಮನೆಯಲ್ಲಿದೆ, ಉಳಿದರ್ಧ ಪಂಚಾಯತಿಯ ಓಣಿಯಲ್ಲಿದೆ ಎಂದು ನಾನು ವಕೀಲಿ ಮಾಡಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಲೇ ತೀರ್ಪು ಕೊಟ್ಟರು: "ಇಂಜಿನ್ನ ಎಲ್ಲೈತಿ? ಒಳಗೈತಿ. ಮುಗೀತು."

ಅಪೀಲಿಗೆ ಜಾಗವಿಲ್ಲದ್ದರಿಂದ, ನೀವು ಹಿಂದಿನ ಕಾಗದದಲ್ಲಿ "ಒಮ್ಮೆ ನೀರು ಬದಲಿಸಿ ನೋಡು" ಎಂದು ಬರೆದ ನಾಲ್ಕು ಸಾಲನ್ನು ಹಿಡಿದು ಶನಿವಾರ ಸೆರಗು ಬಿಗಿದೆ. ಮಿಲಿಟರಿಯಲ್ಲಿ ಲಾರಿ ಹೊಡೆದು ಬಂದ ಗುರಪ್ಪಕಾಕಾ ಎದುರುಕಟ್ಟೆಯ ಮೇಲೆ ಕೂತು, ಬೀಡಿ ಆರದಂತೆ ನೋಡಿಕೊಳ್ಳುತ್ತ, ಹುಕುಮು ಕೊಡತೊಡಗಿದರು. ಇಂಜಿನ್ನು ತಣ್ಣಗಾಗುವ ತನಕ ಮುಚ್ಚಳ ತೆರೆಯಬೇಡ ಎಂದು ನೀವು ಅಡಿಗೆರೆ ಎಳೆದು ಬರೆದಿದ್ದಿರಿ. ಎರಡು ತಿಂಗಳು ಸಾಲದಿದ್ದರೆ ತಿಳಿಸಿ ಎಂದುಕೊಂಡು ತೆರೆದೆ. ಕೆಳಗೆ ಬೋಗುಣಿ ಇಟ್ಟು, ನೆಲಕ್ಕೆ ಮಲಗಿ, ರೇಡಿಯೇಟರಿನ ಬುಡದ ನಳ ತಿರುವಿದೆ. ಒಂದು ಹನಿಯೂ ಇಲ್ಲ. ತಲೆಯ ಪಿನ್ನು ತೆಗೆದು ಚುಚ್ಚಿದೆ. ಆಗ ಒಳಗಿಂದ ಕಂದು ಬಣ್ಣದ ಮುದ್ದೆಯೊಂದು ಸಾವಕಾಶ ಹೊರಟಿತು. ಹುಳಿ ವಾಸನೆ ಎಂದರೆ ಗುರಪ್ಪಕಾಕಾ ಬೀಡಿ ಆರಿಸಿದರು. "ತಂಗಿ, ಮೋಟಾರಿಗೆ ಊಟಾ ಹಾಕೀರೇನು?" ಎಂದರು. ನಾನು ಬೆರಳಿನಲ್ಲಿ ತಿಕ್ಕಿ ನೋಡಿದೆ. ಇಷ್ಟು ವರ್ಷ ರೊಟ್ಟಿ ಬಡಿದ ಕೈ, ಮರೆಯುತ್ತದೆಯೆ? ಜೋಳದ ಹಿಟ್ಟು.

ಅತ್ತೆಯವರು ಬಾಗಿಲ ಕಂಬ ಹಿಡಿದು ನಿಂತಿದ್ದರು. ಕಂಬಕ್ಕೆ ಹೇಳಿದ ಹಾಗೆ, "ಹೊಸಾ ಗಡಗಿ ಸೋರಿದ್ರ ಅಂಬಲಿ ಕಾಸೂದಿಲ್ಲೇನು? ಇದೂ ಸೋರಾಕತ್ತಿತ್ತು" ಎಂದರು. ಈಗ ತಿಳಿಯಿತೆ? ನೀವು ಮೋಟಾರಿನ ಕೆಳಗೆ ಹನಿ ಬೀಳುತ್ತಿದೆ ಎಂದು ಚಿಂತೆ ಮಾಡುತ್ತ ಮಲಗಿದ್ದ ಆ ಮಧ್ಯಾಹ್ನ, ನಿಮ್ಮ ಚಿಂತೆ ನೋಡಲಾರದೆ ನಿಮ್ಮ ತಾಯಿ ಒಂದು ಚರಿಗೆ ಗಟ್ಟಿ ಅಂಬಲಿಯನ್ನು ಅದರ ಬಾಯಿಗೆ ಸುರಿದಿದ್ದಾರೆ. ಮರುದಿನ ನೀವು ಇಂಡಿಗೆ ಹೋಗಿ ಬರುವಷ್ಟರಲ್ಲಿ ಅದು ಕುದಿದು, ಗಟ್ಟಿಯಾಗಿ, ಗಂಟಲು ಕಟ್ಟಿ, ನಿಮ್ಮ ಮೋಟಾರು ದೊಡ್ಡಬಾಗಿಲಲ್ಲಿ ಪ್ರಾಣ ಬಿಟ್ಟಿತು. ನೀವು ಸೊಲ್ಲಾಪುರದ ಗುಜರಿಗಳಲ್ಲಿ ಹುಡುಕುತ್ತಿರುವ ರೇಡಿಯೇಟರು ನಮ್ಮದಕ್ಕೆ ಬೇಕಾಗಿಯೇ ಇರಲಿಲ್ಲ. ಒಂದು ಮಾತು ನ್ಯಾಯವಾಗಿ ಹೇಳಬೇಕು: ಸೋರುವುದು ಮಾತ್ರ ನಿಂತಿತ್ತು.

ಬಟ್ಟೆಸೋಡಾ ಹಾಕಿದ ಬಿಸಿನೀರನ್ನು ನಾನು ಮೇಲಿಂದ ಸುರಿದೆ, ಗುರಪ್ಪಕಾಕಾ ಹ್ಯಾಂಡಲು ತಿರುವಿ ಇಂಜಿನ್ನು ಗುಡುಗಿಸಿದರು. ತಣ್ಣಗಾಗಲು ಬಿಟ್ಟು, ಬಸಿದು, ಮತ್ತೆ ಸುರಿದೆವು. ರವಿವಾರ ಮಧ್ಯಾಹ್ನಕ್ಕೆ ನಾಲ್ಕನೆಯ ಸಲ ಬಸಿದಾಗ ನೀರು ನೀರಿನ ಹಾಗೆ ಬಂತು. ಸೋರುವ ಸಂದಿಗೆ ಬಟ್ಟೆ ಸಾಬೂನು ಮೆತ್ತಿದೆ. ನಮ್ಮ ಬಾವಿಯ ಸವಳು ನೀರು ಹಾಕಿದರೆ ಒಳಗೆ ಮತ್ತೆ ಪದರು ಕಟ್ಟುತ್ತದೆ ಎಂದು ಕಾಕಾ ಹೇಳಿದ್ದೇ ತಡ, ಮಂಡಿನೋವು ಎಂದು ವರ್ಷದಿಂದ ಕೊಡ ಎತ್ತದ ನಿಮ್ಮ ತಾಯಿ ಊರಾಚೆಯ ಸಿಹಿನೀರ ಬಾವಿಗೆ ಎರಡು ಸಲ ಹೋಗಿಬಂದರು. ಮೋಟಾರಿಗೆ ಸಿಹಿನೀರು, ನಮ್ಮ ಬೇಳೆಗೆ ಸವಳು. ಅರ್ಧ ತಾಸು ಓಡಿಸಿದರೂ ಕುದಿಯಲಿಲ್ಲ.

ನಾನು ಟ್ರಂಕಿಗೆ ಸೀರೆ ತುಂಬುತ್ತಿದ್ದೆ. ಗುರಪ್ಪಕಾಕಾ ಗಾಲಿ ಸವರಿ, ತಮ್ಮ ತಲೆ ಸವರಿಕೊಂಡರು: "ನನ್ನ ತಲೀಗೂ ನಿಮ್ಮ ಟಾಯರಿಗೂ ಫರಕಿಲ್ಲ ತಂಗಿ. ಇಂಡೀ ತನಕ ಹೋದೀತು. ಮುದ್ದೇಬಿಹಾಳದ ಮಾತ ತಗೀಬ್ಯಾಡ." ಹಾಗಾದರೆ ಬಸ್ಸು ಎಂದು ಅತ್ತೆಯವರ ಮುಖ ನೋಡಿದೆ. ಅವರು ತಲೆ ಬಗ್ಗಿಸಿ ಅಕ್ಕಿ ಆರಿಸುತ್ತಿದ್ದರು, ಆದರೆ ಮೊರದಲ್ಲಿ ಅಕ್ಕಿ ಇರಲಿಲ್ಲ. ನಾನೂ ಕೇಳಲಿಲ್ಲ. ಕೆಟ್ಟ ಮೋಟಾರಿದ್ದಾಗಲೇ ಬಸ್ಸು ಬೇಡ ಅಂದವರು, ರಿಪೇರಿಯಾದದ್ದು ಇದ್ದಾಗ ಹೂಂ ಅಂದಾರೆಯೆ? ನನ್ನ ಬೀಗವನ್ನು ನಾನೇ ಎರಡು ದಿನ ಕೂತು ತಿಕ್ಕಿ ಬೆಳಗಿದೆ. ಅಮ್ಮ ಗುರುವಾರ ಅಬಿದಾಳ ಮಾರಿ ನೋಡುತ್ತಾಳೆ, ಪಾಪ, ಅದೂ ಚಂದದ ಮಾರಿಯೇ.

ಊಟ ತಪ್ಪಿಸಬೇಡಿರಿ. ನಿಮ್ಮ ತಾಯಿಯ ಆಶೀರ್ವಾದ, ಎಮ್ಮೆಯ ನೆನಪು. ಅಂಬಲಿಯ ಸಂಗತಿ ನಿಮಗೆ ಗೊತ್ತಿಲ್ಲವೆಂದೇ ನಡೆದುಕೊಳ್ಳಿರಿ.

ನಿಮ್ಮ,
ಮುಮ್ತಾಜ

ತಾ.ಕ.: ಮಂಗಳವಾರ, ಬಸ್ಸಿನ ಕಟ್ಟೆ. ಟ್ರಂಕಿನ ಮೇಲೆ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಕುಣಿದರೆ ಕ್ಷಮಿಸಿರಿ. ಬೆಳಿಗ್ಗೆ ಅತ್ತೆಯವರು ಗುರಪ್ಪಕಾಕಾರನ್ನು ಕರೆದು, ಗಾಲಿಗೆ ಗಾಳಿ ತುಂಬಿಸಿಕೊಂಡು ಬಾ ಎಂದು ಮೋಟಾರನ್ನು ಇಂಡಿಗೆ ಅಟ್ಟಿದರು. ಅದು ಹಿಂದೆ ಸರಿಯುತ್ತ ಮೂಗು ಹೊಸಿಲು ದಾಟುವ ತನಕ ನಿಂತು ನೋಡಿ, ನನ್ನ ಟ್ರಂಕನ್ನು ತಾವೇ ಎತ್ತಿ ಹೊರಗಿಟ್ಟರು. "ಈಗ ಮನ್ಯಾಗ ಮೋಟಾರ ಇಲ್ಲ. ಲಗೂನ ಹೋಗು, ಅದು ತಿರುಗಿ ಬಂದೀತು" ಎಂದರು. ವಿಜಾಪುರದ ಬಸ್ಸಿನ ಧೂಳು ಕಾಣುತ್ತಿದೆ. ನನ್ನನ್ನು ಕರೆಯಲು ಮುದ್ದೇಬಿಹಾಳಕ್ಕೆ ಬಸ್ಸಿನಲ್ಲೇ ಬರ್ರಿ.